ಬೀಗಿತ್ತಿ ಕೇಳಿದ ಬೂದಿ

ಮೊನ್ನೆ ಕಲ್ಯಾಣದುರ್ಗದಲ್ಲಿ ಮಗಳ ಮನೆಯ ಜಗಲಿಯ ಮೇಲೆ ಕೂತಿದ್ದಾಗ ಮಳೆ ಬಂತು. ಆ ಕಡೆ ಮಳೆ ಬರುವುದೇ ಒಂದು ಸುದ್ದಿ. ಬೀದಿಯವರೆಲ್ಲ ಹೊರಗೆ ಬಂದು ಮಣ್ಣಿನ ವಾಸನೆ ಚೆನ್ನಾಗಿದೆ ಅಂತ ನಿಂತಿದ್ದರು. ನಾನು ಮಾತ್ರ ಕೆಳಗಿಳಿದು, ಮೊಣಕಾಲೂರಿ, ಅಂಗಳಕ್ಕೆ ಹಾಸಿದ ಬೂದು ಇಟ್ಟಿಗೆಗೆ ಮೂಗು ಕೊಟ್ಟೆ. ಕಾದ ಕಬ್ಬಿಣದ ಮೇಲೆ ನೀರು ಎರಚಿದರೆ ಬರುವಂಥ ವಾಸನೆ ಅದು. ಈಗ ಬಹಳ ಕಡಿಮೆಯಾಗಿದೆ. ಬೇರೆಯವರಿಗೆ ತಿಳಿಯುವುದೂ ಇಲ್ಲ. ನನಗೆ ತಿಳಿಯುತ್ತದೆ, ಯಾಕೆಂದರೆ ಆ ಇಟ್ಟಿಗೆಗಳು ಹಸಿಯಾಗಿದ್ದಾಗ ದಿನಾ ನೀರುಣಿಸಿದವಳು ನಾನು.

"ಅಮ್ಮಾ, ಇನ್ನೂ ಮೂಸ್ತಾನೇ ಇದೀಯಾ? ಜನ ನೋಡಿದ್ರೆ ಏನಂದ್ಕೊಂಡಾರು?" ಅಂದಳು ಮಗಳು ಭಾಗ್ಯ.

"ಅಂದ್ಕೊಳ್ಳಲಿ ಬಿಡು. ಅವ್ರ ಮೂಗು ಅವ್ರಿಗೆ, ನನ್ನ ಮೂಗು ನನಗೆ," ಅಂದೆ.

ಆ ಇಟ್ಟಿಗೆ ಮಾಡಿದ ವರ್ಷ ನಾನು ಹಿಂದೂಪುರದಲ್ಲಿ ಬೂದಿಯ ಕೆಲಸಕ್ಕೆ ಹೋಗುತ್ತಿದ್ದೆ. ನಮ್ಮೂರು ಲೇಪಾಕ್ಷಿಯ ಹತ್ತಿರ. ಗಂಡ ಸತ್ತು ಬಹಳ ಕಾಲವಾಗಿತ್ತು. ಮನೆಯಲ್ಲಿ ಮಗ, ಸೊಸೆ ಇದ್ದರು, ಒಳ್ಳೆಯವರೇ. ಆದರೆ ಹಗಲೆಲ್ಲ ಸೊಸೆಯ ಎದುರು ಕೂತರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಇಬ್ಬರಿಗೂ ನೆಮ್ಮದಿ ಇರಲಿ ಅಂತ, ದೀಪಾವಳಿ ಕಳೆದ ಮೇಲೆ ಊರಿನ ಹೆಂಗಸರ ಜೊತೆ ನಾನೂ ಬೆಳಗಿನ ಬಸ್ಸು ಹತ್ತಿದೆ.

ಹಿಂದೂಪುರದ ಹೊರಗೆ, ಕಾರ್ಖಾನೆಗಳಿರುವ ಕಡೆ, ತಗಡಿನ ಬೇಲಿ ಹಾಕಿದ ಒಂದು ಯಾರ್ಡು. ಎಲ್ಲೋ ದೊಡ್ಡ ಊರುಗಳ ಕಸವನ್ನು ದೊಡ್ಡ ಒಲೆಯಲ್ಲಿ ಸುಟ್ಟು ಕರೆಂಟು ತೆಗೆಯುತ್ತಾರಂತೆ. ಸುಟ್ಟು ಉಳಿದ ಬೂದಿ ಟಿಪ್ಪರಿನಲ್ಲಿ ನಮ್ಮ ಯಾರ್ಡಿಗೆ ಬರುತ್ತಿತ್ತು. ಅದನ್ನು ಹದ ಮಾಡಿ, ಸಿಮೆಂಟು ಮರಳು ಕಲಸಿ, ನೆಲಕ್ಕೆ ಹಾಸುವ ಇಟ್ಟಿಗೆ ಒತ್ತುತ್ತಿದ್ದರು. ಇಟ್ಟಿಗೆಗೆ ಪೈಪು ಹಿಡಿದು ನೀರು ಬಿಡುವುದು ನನ್ನ ಕೆಲಸ.

ಮೊದಲ ದಿನವೇ ರಾಶಿಗೆ ಕೈ ಹಾಕಿದೆ. ಬೂದಿ ಅಂದರೆ ನನಗೆ ಗೊತ್ತಿಲ್ಲದ್ದೇನಲ್ಲ. ಹುಟ್ಟಿದಾಗಿನಿಂದ ಬೂದಿಯಲ್ಲೇ ಪಾತ್ರೆ ಉಜ್ಜಿದ್ದೇನೆ, ಹಲ್ಲು ಉಜ್ಜಿದ್ದೇನೆ, ಬದನೆ ಗಿಡಕ್ಕೆ ಹುಳ ಬಿದ್ದರೆ ಬೂದಿ ಎರಚಿದ್ದೇನೆ. ಒಲೆಯ ಬೂದಿ ಬೆರಳಿನ ನಡುವೆ ಜಾರುತ್ತದೆ. ಇದು ಜಾರಲಿಲ್ಲ. ಕರ್ರಗೆ, ಒದ್ದೆಯಾಗಿ, ಕರಕರ ಅನ್ನುತ್ತಿತ್ತು. ಗಾಜಿನ ಚೂರು, ಮೊಳೆ, ಚಮಚದ ಹಿಡಿ, ಯಾವುದೋ ಮನೆಯ ಬೀಗ ಎಲ್ಲಾ ಅದರಲ್ಲಿದ್ದವು. ಇದೆಂಥ ಬೂದಿ, ಇದು ಬೂದಿಯ ವೇಷ ಹಾಕಿದ ಕಸ ಅಂದುಕೊಂಡೆ.

"ಅವ್ವಾ! ಗ್ಲೌಸು! ಚೇತಿಕಿ, ಕೈಗೆ, ಗ್ಲೌಸು ಏಸ್ಕೋ!" ಅಂತ ಹಿಂದಿನಿಂದ ಒಂದು ಹುಡುಗಿ ಕೂಗಿದಳು.

ಅವಳು ಸ್ವಾತಿ ಮೇಡಂ. ಬೂದಿಯ ಪರೀಕ್ಷೆ ಮಾಡುವವಳು. ಮಾತು ತೆಲುಗು, ನಮ್ಮ ಜೊತೆ ಮಾತ್ರ ಅರ್ಧಂಬರ್ಧ ಕನ್ನಡ. ನನ್ನ ಮಗಳಿಗಿಂತ ಚಿಕ್ಕವಳು, ಮಾತು ಅಜ್ಜಿಯ ಹಾಗೆ. ಮೂಗಿಗೆ ಬಟ್ಟೆ ಕಟ್ಟು, ಕೈ ತೊಳಿ, ಊಟ ಆ ಕಡೆ ಕೂತು ಮಾಡು, ಕೆಲಸದ ಸೀರೆ ಇಲ್ಲೇ ಬಿಡು. ಬೂದಿಯನ್ನು ದೊಡ್ಡ ಉರುಳೆಯ ಅಯಸ್ಕಾಂತದ ಕೆಳಗೆ ಹಾಯಿಸಿ ಕಬ್ಬಿಣ ತೆಗೆಸುತ್ತಿದ್ದಳು. ಜರಡಿ ಹಿಡಿಸುತ್ತಿದ್ದಳು. ಆಮೇಲೆ ಚಪ್ಪರದ ಕೆಳಗೆ ರಾಶಿ ಹಾಕಿಸಿ, ಆಗಾಗ ನೀರು ಚಿಮುಕಿಸಿ, ಮಗುಚಿಸಿ, ತಿಂಗಳುಗಟ್ಟಲೆ ಸುಮ್ಮನೆ ಬಿಡಿಸುತ್ತಿದ್ದಳು.

"ಯಾಕೆ ಬಿಡ್ಬೇಕು? ಉಪ್ಪಿನಕಾಯಾ ಇದು, ಕಳೀಲಿ ಅನ್ನೋಕೆ?" ಅಂತ ಕೇಳಿದೆ.

"ಕರೆಕ್ಟ್ ಅವ್ವಾ. ಉಪ್ಪಿನಕಾಯೇ. ಗಾಳಿ ಕುಡಿದು ಶಾಂತ ಆಗ್ಬೇಕು. ಹಸೀದು ಹಾಕಿದ್ರೆ ಇಟ್ಟಿಗೆ ತಿರುಗಿಬೀಳತ್ತೆ," ಅಂದಳು.

ನನಗೆ ಅವಳ ಮೇಲೆ ಮೊದಲಿನಿಂದಲೇ ಅನುಮಾನ. ಕಾರಣಗಳು ಇದ್ದವು. ಯಾರ್ಡಿನಲ್ಲಿ ಬೋರ್‌ವೆಲ್ ಇತ್ತು, ನಾವೆಲ್ಲ ಅದರ ನೀರೇ ಕುಡಿಯುತ್ತಿದ್ದೆವು. ಅವಳು ಮಾತ್ರ ಮನೆಯಿಂದ ಕ್ಯಾನಿನಲ್ಲಿ ನೀರು ತರುತ್ತಿದ್ದಳು. ಬೂದಿ ಒಳ್ಳೆಯದು ಅನ್ನುವವಳು ಬೂದಿಯ ಪಕ್ಕದ ನೀರು ಯಾಕೆ ಕುಡಿಯುವುದಿಲ್ಲ? ಎರಡನೆಯದು, ಮೂಲೆಯಲ್ಲಿ ಒಂದು ಶೆಡ್ಡು ಇತ್ತು, ಅದಕ್ಕೆ ಯಾವಾಗಲೂ ಬೀಗ. ಅದರ ಚೀಲಗಳ ಮೇಲೆ ಮನುಷ್ಯನ ಬುರುಡೆಯ ಚಿತ್ರ. ನಾನು ಅಕ್ಷರ ಕೂಡಿಸಿ ಕೂಡಿಸಿ ಬಸ್ಸಿನ ಬೋರ್ಡು ಓದುವವಳು, ಆದರೆ ಬುರುಡೆ ಓದಲು ಅಕ್ಷರ ಬೇಡ. "ಅದ್ರಲ್ಲೇನಿದೆ?" ಅಂದರೆ, "ಅದು ಬೇರೆ ಬೂದಿ ಅವ್ವಾ, ಹೊಗೆಗೂಡಿನದು. ಅದರಿಂದ ಇಟ್ಟಿಗೆ ಮಾಡಲ್ಲ. ನಿನಗೆ ಬೇಡ," ಅಂತ ಮುಗಿಸಿದಳು. ಬೇಡ ಅಂದರೆ ಮುಗಿಯಿತಾ? ಮುಚ್ಚಿಡುವವರಿಗೆ ಮುಚ್ಚಿಡಲು ಏನೋ ಇರುತ್ತದೆ.

ಸಂಕ್ರಾಂತಿಗೆ ಮಗಳ ಮನೆಗೆ ಹೋದೆ. ಅಳಿಯ ತಿಪ್ಪೇಸ್ವಾಮಿಯದು ಕಲ್ಯಾಣದುರ್ಗದ ಅಂಚಿನ ಮನೆ, ಹಿಂದೆ ಹೊಲ. ಕಡಲೆಕಾಯಿಯ ಸಾಲಿನ ನಡುವೆ ತೊಗರಿ ಹಾಕುತ್ತಾರೆ. ಆ ವರ್ಷ ತೊಗರಿ ಚೆನ್ನಾಗಿ ಬಂದಿತ್ತು. ಬೀಗಿತ್ತಿ ಹನುಮಕ್ಕ, ಅಂದರೆ ಅಳಿಯನ ತಾಯಿ, ಕಾಳು ಒಣಗಿಸುತ್ತಿದ್ದಳು. ಬೀಜ ಕಾಯುವುದರಲ್ಲಿ ಅವಳ ಹೆಸರು ದೊಡ್ಡದು. ಅವಳ ಗುಡಾಣದ ತೊಗರಿಗೆ ಹುಳ ಬೀಳುವುದಿಲ್ಲ ಅಂತ ಬಿತ್ತನೆಯ ಹೊತ್ತಿಗೆ ಬೀದಿಯವರು ಅವಳ ಬಾಗಿಲಿಗೇ ಬರುತ್ತಿದ್ದರು. ಅವಳ ಗುಟ್ಟು ಏನೂ ಇಲ್ಲ, ಎಲ್ಲರೂ ಮಾಡುತ್ತಿದ್ದದ್ದೇ. ಒಂದು ಪದರ ಕಾಳು, ಒಂದು ಪದರ ಒಲೆಯ ಬೂದಿ, ಹೀಗೆ ಮಣ್ಣಿನ ಗುಡಾಣ ತುಂಬಿ, ಬಾಯಿಗೆ ಸಗಣಿ ಮೆತ್ತುವುದು. ಆದರೆ ಈಗ ಎಲ್ಲರ ಮನೆಗೂ ಗ್ಯಾಸು ಬಂದು ಒಲೆಗಳು ಹೋದವು. ಒಲೆ ಹೋದ ಮೇಲೆ ಬೂದಿ ಎಲ್ಲಿಂದ ಬರಬೇಕು? ಹನುಮಕ್ಕನೂ ಹಿಂದಿನ ವರ್ಷ ಒಲೆ ಕಿತ್ತು, ಆ ಜಾಗಕ್ಕೆ ಕಲ್ಲು ಹಾಕಿಸಿ, ಗ್ಯಾಸು ಇಟ್ಟಿದ್ದಳು.

"ಬೀಗಿತ್ತಿ, ನೀವು ಬೂದಿ ಫ್ಯಾಕ್ಟ್ರೀಲಿ ಕೆಲ್ಸ ಮಾಡ್ತೀರಂತಲ್ಲ. ನಮಗೊಂದು ಮೂಟೆ ಕಳ್ಸಿ," ಅಂದಳು.

"ಆ ಬೂದಿ ಬೇಡ."

"ಯಾಕೆ ಬೇಡ?"

"ನನಗೇ ಅದ್ರ ಮೇಲೆ ನಂಬಿಕೆ ಇಲ್ಲ. ಊರ ಕಸ ಸುಟ್ಟಿದ್ದು. ಕಾಳಿಗೆ ಹಾಕೋದಲ್ಲ."

ಹನುಮಕ್ಕ ಮೊರ ಕೆಳಗಿಟ್ಟಳು. "ಬೆಂಕಿ ಮುಟ್ಟಿದ ಮೇಲೆ ಕಸ ಎಲ್ಲುಳೀತು? ಬೂದಿ ಬೂದೀನೇ. ಮಗಳನ್ನೇ ಕೊಟ್ಟೋರು ಒಂದು ಮೂಟೆ ಬೂದಿಗೆ ಹಿಂದೆ ಮುಂದೆ ನೋಡ್ತೀರಲ್ಲ! ನಿಮ್ಮನೇಲಿ ಬೂದಿಗೂ ಬರ ಬಂತಾ?"

"ಬಂಗಾರ ಕೇಳಿ, ಇದ್ರೆ ಕೊಡ್ತೀನಿ. ಬೂದಿ ಕೊಡಲ್ಲ."

"ಬಂಗಾರ ಇಲ್ಲ ಅಂತ ಗೊತ್ತಿದ್ದೇ ಹೇಳ್ತೀರಿ," ಅಂದಳು. ಅಲ್ಲಿಂದ ಎರಡು ದಿನ ನನ್ನ ಜೊತೆ ಮಾತಿಲ್ಲ. ಮಾತೆಲ್ಲ ಎಮ್ಮೆಯ ಜೊತೆ, ನನಗೆ ಕೇಳುವ ಹಾಗೆ. "ಬಾರವ್ವ, ನೀನಾದ್ರೂ ಸಗಣಿ ಕೊಡ್ತೀಯ. ಕೆಲವ್ರು ಬೂದೀನೂ ಕೊಡಲ್ಲ."

ವಾಪಸು ಬಂದಾಗ ಯಾರ್ಡಿನಲ್ಲಿ ಬೇರೆಯೇ ಗಲಾಟೆ. ಯಜಮಾನನಿಗೆ ಯಾವುದೋ ದೊಡ್ಡ ಕೆಲಸಕ್ಕೆ ಇಟ್ಟಿಗೆ ಬೇಗ ಬೇಕಾಗಿತ್ತಂತೆ. ಮೇಡಂ ಇಲ್ಲದ ದಿನ ನೋಡಿ, ರಾಶಿಯಲ್ಲಿ ಇನ್ನೂ ಕಳಿಯದ ಹೊಸ ಬೂದಿ ತೆಗೆಸಿ ಇಟ್ಟಿಗೆ ಒತ್ತಿಸಿದ್ದ. ಮಾರನೆಯ ದಿನ ನಾನು ನೀರು ಬಿಡಲು ಹೋದರೆ, ಆ ಇಟ್ಟಿಗೆಗಳು ಎಣ್ಣೆಗೆ ಬಿಟ್ಟ ವಡೆಯ ಹಾಗೆ ಉಬ್ಬಿದ್ದವು. ಮೈಮೇಲೆ ಗುಳ್ಳೆ. ಕೆಲವು ಬಿರಿದು ಬಾಯಿ ಬಿಟ್ಟಿದ್ದವು. ಕಿವಿ ಕೊಟ್ಟು ಕೇಳಿದರೆ ಒಳಗೆ ಸಣ್ಣಗೆ ಚಿರ್ ಅನ್ನುತ್ತಿತ್ತು. ಜೀವ ಇರುವ ಇಟ್ಟಿಗೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪೈಪು ಬಿಸಾಡಿ ದೂರ ನಿಂತೆ.

ಸ್ವಾತಿ ಮೇಡಂ ಬಂದು ನೋಡಿ ಯಜಮಾನನ ಕೋಣೆಗೆ ಹೋದಳು. ಕಿಟಕಿಯಿಂದ ಇಬ್ಬರ ಕೈಗಳು ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹೊರಗೆ ಬಂದವಳೇ ಆ ಇಟ್ಟಿಗೆಯನ್ನೆಲ್ಲ ಒಡೆದು ಮತ್ತೆ ರಾಶಿಗೆ ಹಾಕಿಸಿದಳು. ಬೂದಿಯಲ್ಲಿ ಅಲ್ಯೂಮಿನಿಯಂ ಚೂರು ಇರುತ್ತೆ, ಸಿಮೆಂಟು ಮುಟ್ಟಿದರೆ ಗಾಳಿ ಬಿಡುತ್ತೆ, ಕಳಿತರೆ ಸುಮ್ಮನಾಗುತ್ತೆ ಅಂತ ಹೇಳಿದಳು. ಜೊತೆಯ ಹೆಂಗಸರು ಮೇಡಂ ಗಟ್ಟಿಗಿತ್ತಿ ಅಂದರು. ನಾನು ಒಪ್ಪಲಿಲ್ಲ. ಇಬ್ಬರೂ ಸೇರಿ ನಮ್ಮ ಎದುರು ನಾಟಕ ಆಡುತ್ತಿದ್ದಾರೆ, ಒಬ್ಬರು ಬೈದ ಹಾಗೆ, ಒಬ್ಬರು ಬೈಸಿಕೊಂಡ ಹಾಗೆ ಅಂದುಕೊಂಡೆ. ನಾನು ಹಾಗೆಯೇ. ಯಾರಾದರೂ ಸರಿಯಾಗಿ ಕೆಲಸ ಮಾಡಿದರೆ ಯಾಕೆ ಮಾಡಿದರು ಅಂತ ಯೋಚಿಸುತ್ತೇನೆ.

ಶಿವರಾತ್ರಿಗೆ ನಾನು ಊರಿನಲ್ಲಿ ಉಳಿದೆ. ಅದೇ ಹೊತ್ತಿಗೆ ಅಳಿಯ ಅಂಗಳಕ್ಕೆ ಹಾಸಲು ಯಾರ್ಡಿನಿಂದ ಇಟ್ಟಿಗೆ ಕೊಂಡುಹೋದ. ಕಳಿತ ಬೂದಿಯ ಒಳ್ಳೆ ಇಟ್ಟಿಗೆ, ನಾನೇ ನೀರುಣಿಸಿದ್ದು. ಅದರಲ್ಲಿ ನನಗೆ ತಕರಾರಿರಲಿಲ್ಲ. ಇಟ್ಟಿಗೆಯ ಜೊತೆ ಇನ್ನೇನು ಹೋಯಿತು ಅನ್ನುವುದು ಯುಗಾದಿಯ ಹಿಂದಿನ ದಿನದವರೆಗೆ ನನಗೆ ಗೊತ್ತಾಗಲಿಲ್ಲ.

ಅವತ್ತು ಬೆಳಿಗ್ಗೆ ಯಾರ್ಡಿನ ಗೇಟಿನಲ್ಲಿ ಓಬಳೇಶ ನಿಂತಿದ್ದ. ಕಾವಲು ಕಾಯುವವನೂ ಅವನೇ, ಲಗೇಜು ಆಟೋ ಓಡಿಸುವವನೂ ಅವನೇ.

"ಏನಮ್ಮ ಸಾಕಮ್ಮ, ನಾಳೆ ನನಗೆ ಒಬ್ಬಟ್ಟು ಇಲ್ವಾ? ನಿಮ್ಮ ಅಳಿಯಂಗೆ ಅಷ್ಟು ಒಳ್ಳೆ ಬೂದಿ ಕೊಟ್ಟು ಕಳ್ಸಿದೀನಿ!" ಅಂದ.

"ಯಾವ ಬೂದಿ?"

"ಅವ್ರಮ್ಮ ಕೇಳಿದ್ರಂತಲ್ಲ, ಕಾಳಿಗೆ. ಹೊರಗಿನ ಕರೀದು ಬೇಡ ಅಂದ್ರು, ಮೆತ್ತಗಿರೋದು ಬೇಕು ಅಂದ್ರು. ಅತ್ತೆ ಕೆಲ್ಸ ಮಾಡೋ ಜಾಗ, ಇಲ್ಲ ಅನ್ನೋಕಾಯ್ತದಾ? ಆ ಶೆಡ್ಡಿಂದು ಕೊಟ್ಟೆ. ಮುಟ್ಟಿದ್ರೆ ಮೈದಾ ಹಿಟ್ಟು ಕಣಮ್ಮ, ಅಷ್ಟು ನುಣ್ಣಗಿದೆ. ಆ ಬುರುಡೆ ಚೀಲ ನೋಡಿ ಹೆದ್ರಿಕೊಂಡಾರು ಅಂತ ಕಡ್ಲೆಕಾಯಿ ಚೀಲಕ್ಕೆ ಹಾಕ್ಕೊಟ್ಟೆ."

ಹಿಂದೆ ಸ್ವಾತಿ ಮೇಡಂ ಗಾಡಿ ನಿಲ್ಲಿಸುತ್ತಿದ್ದಳು. ಅವಳಿಗೂ ಕೇಳಿಸಿತು. ಅವಳ ಮುಖ ನೋಡಿದೆ. ನಾಟಕದ ಮುಖ ನನಗೆ ಗೊತ್ತಾಗುತ್ತದೆ. ಅದು ನಾಟಕದ್ದಲ್ಲ.

"ಯೇ ಶೆಡ್ಡು, ಓಬಳೇಶೂ? ಆ ಶೆಡ್ಡೇನಾ?" ಅಂತ ತೆಲುಗಿನಲ್ಲಿ ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಅವಳು ನನ್ನ ಕಡೆ ತಿರುಗಿದಳು. "ಕಾಳಿಗೆ ಅಂದ್ರೆ? ತಿನ್ನೋ ಕಾಳಾ?"

"ಬೀಜಕ್ಕೂ ಅದೇ, ವರ್ಷದ ಬೇಳೆಗೂ ಅದೇ. ನಾಳೆ ಒಬ್ಬಟ್ಟು ಮಾಡೋದೂ ಅದ್ರಲ್ಲೇ," ಅಂದೆ.

ಮಗಳಿಗೆ ಫೋನು ಹಚ್ಚಿದೆ. ಎತ್ತಿದ್ದು ಹನುಮಕ್ಕ.

"ಬೀಗಿತ್ತಿ, ಆ ಗುಡಾಣ ಮುಟ್ಟಬೇಡಿ. ಅದರ ಬೇಳೆ ಬೇಯಿಸಬೇಡಿ. ಆ ಬೂದಿ ವಿಷ."

"ನೀವು ಕೊಡ್ಲಿಲ್ಲ. ಯಾರೋ ಪುಣ್ಯಾತ್ಮ ಕೊಟ್ಟ. ಈಗ ಅದೂ ವಿಷ ಆಯ್ತಾ? ನಿಮ್ಮ ಹೊಟ್ಟೆಕಿಚ್ಚಿಗೆ ಹಬ್ಬದ ಹೊತ್ತಲ್ಲೂ ಬಿಡುವಿಲ್ವಾ?" ಅಂತ ಹೇಳಿ ಫೋನು ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಬಸ್ಸಿಗೆ ಕಾಯುವ ಹೊತ್ತಲ್ಲ. ಓಬಳೇಶನೇ ಆಟೋ ತೆಗೆದ. ನಾನು ಮುಂದೆ ಹತ್ತಿದೆ. ಸ್ವಾತಿ ಮೇಡಂ ಹಿಂದೆ ಒಂದಷ್ಟು ದಪ್ಪ ಚೀಲ, ಮುಚ್ಚಳ ಇರುವ ಡ್ರಮ್ಮು ಹಾಕಿಸಿ, ತಾನೂ ಬಂದು ನನ್ನ ಪಕ್ಕ ಒತ್ತಿಕೊಂಡು ಕೂತಳು. ಆಟೋ ಮಡಕಶಿರಾ ದಾಟಿತು.

"ನೀನು ಯಾಕಮ್ಮ ಬತ್ತಿದ್ದೀಯ?" ಕೊನೆಗೆ ನಾನೇ ಕೇಳಿದೆ. "ಯಜಮಾನ ಕಳ್ಸಿದ್ನಾ, ವಿಷಯ ಮುಚ್ಚಾಕು ಅಂತ?"

"ಯಜಮಾನರಿಗೆ ಇನ್ನೂ ಹೇಳಿಲ್ಲ ಅವ್ವಾ. ಆ ಬೂದಿಗೆ ನಾನು ಜವಾಬ್ದಾರಿ. ಬೀಗದ ಕೈ ಗೋಡೆ ಗೂಡಲ್ಲೇ ಇಟ್ಟು ಹೋಗ್ತಿದ್ದೆ." ಕಿಟಕಿಯ ಕಡೆ ತಿರುಗಿ ಹೇಳಿದಳು.

"ಏನಿದೆ ಅದ್ರಲ್ಲಿ? ಇವತ್ತಾದ್ರೂ ಹೇಳು."

"ಕಸದಲ್ಲಿ ಏನೇನು ಕೆಟ್ಟದ್ದಿರತ್ತೋ, ಬಹಳಷ್ಟು ಹೊಗೆ ಜೊತೆ ಮೇಲೆ ಹೋಗತ್ತೆ. ಆ ಹೊಗೆ ಊರಿಗೆ ಬಿಡೋ ಹಾಗಿಲ್ಲ. ಸುಣ್ಣ ಊದಿ, ಬಟ್ಟೇಲಿ ಸೋಸಿ ಹಿಡೀತಾರೆ. ಹಿಡಿದಿದ್ದೇ ಆ ಪುಡಿ. ಸೀಸ, ಉಪ್ಪು, ಸುಣ್ಣ, ಇನ್ನೂ ಏನೇನೋ. ಕೆಳಗೆ ಬಿದ್ದ ಕರೀ ಬೂದಿ ಹದ ಮಾಡಿದ್ರೆ ಕೆಲಸಕ್ಕೆ ಬರತ್ತೆ. ಇದನ್ನ ಸಿಮೆಂಟಲ್ಲಿ ಕಲಸಿ ಗಟ್ಟಿ ಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಗೆ ಕಳಿಸ್ತೀವಿ. ಅಷ್ಟೇ."

ಅಂದರೆ ಒರಟಾಗಿ ಕರ್ರಗಿದ್ದು ಬೇಕಾದ್ದು, ಬೆಳ್ಳಗೆ ಮೆತ್ತಗಿದ್ದು ಬೇಡವಾದ್ದು. ನಾನಿರಲಿ, ಹನುಮಕ್ಕನಿರಲಿ, ನಮ್ಮ ಕಡೆಯ ಯಾವ ಹೆಂಗಸಿಗೆ ಎರಡು ಬೂದಿ ತೋರಿಸಿ ಆರಿಸು ಅಂದಿದ್ದರೂ ಆ ಮೆತ್ತನೆಯದನ್ನೇ ಆರಿಸುತ್ತಿದ್ದಳು. ಬೆರಳಿಗೆ ಅದೇ ನಮ್ಮ ಒಲೆಯದು ಅನ್ನಿಸುತ್ತಿತ್ತು.

"ಮತ್ತೆ ನೀನು ಬೋರಿನ ನೀರು ಯಾಕೆ ಕುಡಿಯಲ್ಲ?" ಬಿಡಲಿಲ್ಲ ನಾನು.

ಅವಳು ನನ್ನ ಕಡೆ ನೋಡಿದಳು. "ಅದಾ ನಿನ್ನ ಅನುಮಾನ? ಈ ಕಡೆ ಬೋರುಗಳಲ್ಲಿ ಫ್ಲೋರೈಡು ಜಾಸ್ತಿ ಅವ್ವಾ. ಬೂದಿ ಬರೋಕೆ ಮುಂಚಿನಿಂದ ಇರೋದು. ನಿನ್ನ ಹಲ್ಲು, ಮೊಣಕಾಲು ಕೇಳು, ಹೇಳ್ತಾವೆ. ನಿಮಗೂ ಫಿಲ್ಟರ್ ನೀರು ಇಡಿ ಅಂತ ಹೇಳ್ತಾನೇ ಇದೀನಿ, ಯಜಮಾನರು ನಾಳೆ ಅಂತಾರೆ."

ಓಬಳೇಶ ಕಿಸಕ್ ಅಂದ. "ನಗ್ಬೇಡ ಕಣ್ಲಾ, ಮುಂದೆ ನೋಡ್ಕೊಂಡು ಓಡ್ಸು!" ಅಂತ ಅವನ ಮೇಲೆ ಹರಿಹಾಯ್ದೆ. ಪಾವಗಡ ದಾಟಿದೆವು. ರಸ್ತೆಯ ಎರಡೂ ಕಡೆ ಹೊಲಗಳು ಬರಿದಾಗಿ ಬಿದ್ದಿದ್ದವು. ನನ್ನ ಕಣ್ಣ ಮುಂದೆ ಭಾಗ್ಯನ ಮಗಳು, ನಾಲ್ಕು ವರ್ಷದ್ದು, ಒಬ್ಬಟ್ಟಿನ ಹೂರಣ ಬಟ್ಟಲಿಂದ ನೆಕ್ಕುತ್ತಿತ್ತು.

ಮನೆ ಮುಟ್ಟಿದಾಗ ಅಳಿಯ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದ. ಒಳಗಿನಿಂದ ಬೇಳೆ ಬೇಯುವ ವಾಸನೆ. "ಅತ್ತೆ, ಇದೇನು ಹಿಂಗೆ..." ಅನ್ನುವಷ್ಟರಲ್ಲಿ ನಾನು ಅಡಿಗೆಮನೆಯಲ್ಲಿದ್ದೆ. ಗ್ಯಾಸಿನ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಭಾಗ್ಯ ಬೆಲ್ಲ ಕುಟ್ಟುತ್ತಿದ್ದಳು. ಹನುಮಕ್ಕ ಸೌಟು ಹಿಡಿದು ನಿಂತಿದ್ದಳು.

"ಈ ಬೇಳೆ ಎಲ್ಲಿದು?" ಅಂದೆ.

"ಎಲ್ಲಿದು ಅಂದ್ರೆ? ನಮ್ಮ ಗುಡಾಣದ್ದೇ! ಈ ಮನೇಲಿ ಯುಗಾದಿಗೆ ಅಂಗಡಿ ಬೇಳೆ ಬಂದದ್ದು ಯಾವತ್ತಾದ್ರೂ ಉಂಟಾ?" ಅಂತ ಬೀದಿಗೆ ಕೇಳುವ ಹಾಗೆ ಹೇಳಿದಳು.

ಅವಳ ಕೈಯಿಂದ ಸೌಟು ಕಿತ್ತು ಬೇಳೆ ಮೇಲೆತ್ತಿದೆ. ಮನೆಯಲ್ಲಿ ಬೀಸುವ ಕಲ್ಲಿನಲ್ಲಿ ಒಡೆದ ಬೇಳೆ ಒಂದು ಸಮ ಇರುವುದಿಲ್ಲ. ಅಂಚು ಮುರಿದಿರುತ್ತದೆ, ಅಲ್ಲಲ್ಲಿ ಕೆಂಪು ಸಿಪ್ಪೆ ಹತ್ತಿರುತ್ತದೆ. ಇದು ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿತ್ತು. ಹಳದಿ, ನುಣುಪು. ಮಿಲ್ಲಿನ ಬೇಳೆ. ತಲೆ ಎತ್ತಿ ಹನುಮಕ್ಕನನ್ನು ನೋಡಿದೆ. ಅವಳ ಕಣ್ಣು ಬೇರೆ ಕಡೆ ಹೋಯಿತು. ಅವಳ ಅಂಗೈಗಳು ಸಿಪ್ಪೆ ಸುಲಿದು, ಕೆಂಪಗೆ, ಕೊಬ್ಬರಿ ಎಣ್ಣೆ ಸವರಿಕೊಂಡಿದ್ದವು.

ಬಾಯಿಗೆ ಬಂದ ಮಾತನ್ನು ನಾನು ನುಂಗುವವಳಲ್ಲ. ಅವತ್ತು ನುಂಗಿದೆ. ಕರುಣೆಯಿಂದ ಅಲ್ಲ. ಅವಳ ಮಗ ಸೊಸೆಯ ಎದುರು ಹೇಳಿಬಿಟ್ಟರೆ ಆ ಹೆಂಗಸು ಹಟ ಹಿಡಿದು ಗುಡಾಣದ ಕೋಣೆಗೆ ಬೀಗ ಹಾಕುತ್ತಾಳೆ ಅಂತ ನನಗೆ ಗೊತ್ತಿತ್ತು.

"ಬನ್ನಿ ಬೀಗಿತ್ತಿ. ಗುಡಾಣ ತೋರಿಸಿ," ಅಂತ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ.

ಮಳೆ ಇಲ್ಲದ ಕಾಲ. ತುಟಿ ಒಡೆಯುವಂಥ ಒಣ ಗಾಳಿ. ಆದರೂ ಆ ಕೋಣೆಯಲ್ಲಿ ಸಾಲಾಗಿ ಇಟ್ಟ ಗುಡಾಣಗಳ ಹೊಟ್ಟೆ ಬೆವತಿತ್ತು. ನೆಲದ ಮೇಲೆ ಒದ್ದೆಯ ಗುಂಡು ಕಲೆ. ಒಂದರ ಬಾಯಿ ಒಡೆದು, ಮೇಲೆ ಹಳೆ ಸೀರೆ ಮುಚ್ಚಿತ್ತು. ಸೀರೆ ತೆಗೆದೆ. ಬೂದಿ ಬೂದಿಯಾಗಿರಲಿಲ್ಲ, ಕರಗಿದ ಬೆಲ್ಲದ ಹಾಗೆ ಗಂಟು ಕಟ್ಟಿತ್ತು. ಕಾಳುಗಳು ಊದಿಕೊಂಡು, ಬಣ್ಣ ಕೆಟ್ಟು, ಅದರಲ್ಲಿ ಹೂತಿದ್ದವು.

ಹನುಮಕ್ಕ ಗೋಡೆಗೆ ಒರಗಿ ಕೂತಳು. ಅವಳು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಅವಳು ಊಟವನ್ನೂ ನಿಂತೇ ಮಾಡುವವಳು.

"ನಿನ್ನೆ ಒಬ್ಬಟ್ಟಿಗೆ ಅಂತ ತೆಗ್ದೆ, ಹಿಂಗಾಗಿತ್ತು," ಅಂದಳು ಸಣ್ಣ ದನಿಯಲ್ಲಿ. "ಮೇಲಿನ ಕಾಳು ಒಂದಷ್ಟು ಮಾಳಿಗೆ ಮೇಲೆ ಒಣಗಾಕಿದೀನಿ. ಬೇಳೆ ಅಂಗಡೀಲಿ ತಂದೆ, ಯಾರಿಗೂ ಹೇಳ್ಲಿಲ್ಲ. ನನ್ನ ಕೈ ಕೆಟ್ಟೋಯ್ತು ಕಣಮ್ಮ. ನಮ್ಮತ್ತೆ ಈ ಬೀಜ ನನ್ನ ಕೈಗೆ ಕೊಟ್ಟು ಸತ್ಳು. ಒಂದು ವರ್ಷಾನೂ ಕೆಟ್ಟಿರ್ಲಿಲ್ಲ. ಬಿತ್ತನೆ ಹೊತ್ತಿಗೆ ಜನ ಬಂದು ನಿಂತ್ರೆ ಏನಂತ ಹೇಳ್ಲಿ?"

"ಕೈ ಕೆಟ್ಟಿಲ್ಲ. ಬೂದಿ ಕೆಟ್ಟದ್ದು."

"ನೀವು ಹೇಳ್ತೀರಿ ಬಿಡಿ."

"ನಾನು ಹೇಳಿದ್ರೆ ನಂಬಬೇಡಿ. ಇವಳ್ನ ಕೇಳಿ. ನಾನೂ ಇವಳ್ನ ನಂಬಿರ್ಲಿಲ್ಲ," ಅಂತ ಬಾಗಿಲಲ್ಲಿ ನಿಂತಿದ್ದ ಸ್ವಾತಿಯನ್ನು ತೋರಿಸಿದೆ.

ಸ್ವಾತಿ ಒಳಗೆ ಬಂದು ಗುಡಾಣದ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಇದರಲ್ಲಿರೋ ಉಪ್ಪು ಗಾಳಿಯಿಂದ ನೀರು ಎಳ್ಕೊಳ್ಳತ್ತೆ ಅವ್ವಾ. ಒಲೆ ಬೂದಿ ಕಾಳನ್ನ ಒಣಗಿಸಿ ಇಡತ್ತೆ, ಇದು ನೆನೆಸತ್ತೆ. ನೀನು ಯಾವ ಕೈಲಿ ಇಟ್ಟಿದ್ರೂ ಹೀಗೇ ಆಗ್ತಿತ್ತು. ನಿನ್ನ ಅಂಗೈ ಸುಟ್ಟಿದ್ದೂ ಇದರ ಸುಣ್ಣಾನೇ."

ಹನುಮಕ್ಕ ತನ್ನ ಅಂಗೈ ನೋಡಿಕೊಂಡಳು, ಹುಡುಗಿಯನ್ನು ನೋಡಿದಳು, ಮತ್ತೆ ಅಂಗೈ ನೋಡಿಕೊಂಡಳು. "ತೊಳ್ದು ಒಣಗಿಸಿದ್ರೆ?"

"ವದ್ದು, ಬೇಡ. ಉಪ್ಪು ಹೋಗಬಹುದು, ಸೀಸ ಹೋಯ್ತು ಅಂತ ನಾನು ಹೇಳಲ್ಲ. ಒಂದು ದಿನ ತಿಂದ್ರೆ ಏನೂ ಕಾಣಿಸದೇ ಇರಬಹುದು. ವರ್ಷವೆಲ್ಲ ತಿಂದ್ರೆ ಮೈಯಲ್ಲಿ ಉಳ್ಕೊಳ್ಳತ್ತೆ. ಮಗು ಇದೆ ಮನೇಲಿ."

ಏನೂ ಕಾಣಿಸದೇ ಇರಬಹುದು ಅಂದಳಲ್ಲ, ನನಗೆ ಅದೇ ಹೆದರಿಕೆ ಹುಟ್ಟಿಸಿದ್ದು. ಹಾವು ಕಂಡರೆ ಕೋಲು ತರಬಹುದು.

"ಹಬ್ಬದ ಹಿಂದಿನ ದಿನ ಬೀಜ ಹೊಸಿಲು ದಾಟಿಸೋದಾ?" ಅಂದಳು ಹನುಮಕ್ಕ. ಕೇಳಿದ್ದು ನಮ್ಮನ್ನಲ್ಲ. ತಾನೇ ಎದ್ದು ಗುಡಾಣಕ್ಕೆ ಕೈ ಹಾಕಲು ಹೋದಳು. ಸ್ವಾತಿ ತಡೆದು ಗ್ಲೌಸು ಕೊಟ್ಟಳು. ಎಲ್ಲರಿಗೂ ಕೊಟ್ಟಳು. ಪೊರಕೆ ಮುಟ್ಟಲು ಬಿಡಲಿಲ್ಲ, ಧೂಳು ಏಳುತ್ತದೆ ಅಂತ. ಗುಡಾಣಗಳ ಕಾಳು, ಬೂದಿ, ಮಾಳಿಗೆಯ ಮೇಲೆ ಒಣಗಿಸಿದ್ದು ಎಲ್ಲಾ ದಪ್ಪ ಚೀಲಕ್ಕೆ ತುಂಬಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಡ್ರಮ್ಮಿಗೆ ಹಾಕಿದಳು. ಗುಡಾಣಗಳನ್ನೂ ಬಿಡಲಿಲ್ಲ, ಮಣ್ಣು ಕುಡಿದಿರುತ್ತದೆ ಅಂದಳು. ಹನುಮಕ್ಕ ಒಂದೊಂದನ್ನೂ ತಾನೇ ಹೊತ್ತು ಆಟೋಗೆ ಇಟ್ಟಳು. ಒಂದು ಕಾಳೂ ಯಾರ ಬಾಯಿಗೂ ಹೋಗಿರಲಿಲ್ಲ.

ಅಳಿಯ ತೋರಣ ಹಿಡಿದುಕೊಂಡೇ ನಿಂತಿದ್ದ. "ಹಂಗಾದ್ರೆ ಒಳಗೆ ಬೇಯ್ತಿರೋದು?" ಅಂದ.

"ಅಂಗಡೀದು. ಸುಮ್ನೆ ತಿನ್ನಿ," ಅಂದೆ. ಹನುಮಕ್ಕ ನನ್ನ ಕಡೆ ಬಿಟ್ಟ ನೋಟ ಇವತ್ತಿಗೂ ನೆನಪಿದೆ.

ಯುಗಾದಿ ಮುಗಿಸಿ ಯಾರ್ಡಿಗೆ ಹೋದಾಗ, ಆ ಚೀಲಗಳನ್ನು ಏನು ಮಾಡುತ್ತೀಯ, ನನ್ನ ಕಣ್ಣೆದುರೇ ಮಾಡು ಅಂದೆ. ಸ್ವಾತಿ ಮಾಡಿದಳು. ಸಿಮೆಂಟು ಸುರಿದು, ನೀರು ಹಾಕಿ, ಯಂತ್ರ ತಿರುಗಿಸಿ, ಅಚ್ಚಿಗೆ ಹೊಯ್ದಳು. ಗಟ್ಟಿಯಾದ ಮೇಲೆ ನೋಡಿದರೆ ಕಡಲೆಕಾಯಿ ಚಿಕ್ಕಿಯ ಹಾಗೆ ಅಲ್ಲಲ್ಲಿ ತೊಗರಿ ಕಾಣುತ್ತಿತ್ತು. ಹನುಮಕ್ಕನ ಅತ್ತೆಯ ಬೀಜ. ಅದು ಲಾರಿ ಹತ್ತಿ ಹೋಗುವವರೆಗೆ ನಿಂತು ನೋಡಿದೆ. ಯಜಮಾನನಿಗೆ ಸ್ವಾತಿಯೇ ಹೇಳಿದಳು. ಅವನು ನನ್ನನ್ನು ಕರೆದು, ಈ ವಿಷಯ ಊರಲ್ಲಿ ಹೇಳಬೇಡ ಅಂದ. ನಾನು ಅವತ್ತೇ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ. ಮೆತ್ತಗಿದೆ ಅಂತ ಯಾರು ಬೂದಿ ಕೊಟ್ಟರೂ ಮುಟ್ಟಬೇಡಿ ಅಂದೆ. ಶೆಡ್ಡಿಗೆ ಹೊಸ ಬೀಗ ಬಂತು. ಬೀಗದ ಕೈ ಸ್ವಾತಿಯ ಕೊರಳಲ್ಲಿ. ಕೆಲವು ದಿನದಲ್ಲಿ ನಮಗೂ ಫಿಲ್ಟರ್ ನೀರು ಬಂತು.

ಆದರೂ ಅಂಗಳದ ಇಟ್ಟಿಗೆ ನನ್ನ ತಲೆಯಿಂದ ಹೋಗಲಿಲ್ಲ. ಇಟ್ಟಿಗೆ ನೆನೆಸಿದ ನೀರನ್ನು ಪರೀಕ್ಷೆಗೆ ಕಳಿಸಿ ಬಂದ ಕಾಗದವನ್ನು ಸ್ವಾತಿ ತೋರಿಸಿದಳು. ಕಾಗದ ನನಗೆ ಏನು ಹೇಳುತ್ತದೆ? "ನಿನ್ನ ಮನೇಲಿ ಹಾಕಿದ್ದೀಯಾ?" ಅಂದೆ. ಅವಳು ಗಾಡಿಯ ಹಿಂದೆ ಕೂರಿಸಿಕೊಂಡು ಹಿಂದೂಪುರದ ಅವಳ ಮನೆಗೆ ಕರೆದುಕೊಂಡು ಹೋದಳು. ಗೇಟಿನಿಂದ ಬಾಗಿಲವರೆಗೆ ಅದೇ ಇಟ್ಟಿಗೆ. ಅವಳ ತಾಯಿ ಅದರ ಮೇಲೆ ಬರಿಗಾಲಲ್ಲಿ ನಿಂತು ಬಟ್ಟೆ ಹರವುತ್ತಿದ್ದಳು.

"ಕಾಳು ಒಣಗಿಸ್ತೀರಾ ಇದ್ರ ಮೇಲೆ?" ಅಂತ ಆ ತಾಯಿಯನ್ನು ಕೇಳಿದೆ.

"ಇಲ್ಲಮ್ಮ, ಮಗಳು ಬಿಡಲ್ಲ," ಅಂದಳು.

"ಇದು ತುಳಿಯೋಕೆ ಅವ್ವಾ, ತಿನ್ನೋದಕ್ಕಲ್ಲ," ಅಂದಳು ಸ್ವಾತಿ. ಪೂರಾ ಒಳ್ಳೆಯದು ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಇಷ್ಟಕ್ಕೆ ಆಗುತ್ತದೆ, ಇಷ್ಟಕ್ಕೆ ಆಗುವುದಿಲ್ಲ ಅಂದಳು ನೋಡಿ, ಅಲ್ಲಿ ಅರ್ಧ ನಂಬಿದೆ. ಇನ್ನರ್ಧ ಈಗಲೂ ನನ್ನ ಹತ್ತಿರವೇ ಇದೆ.

ಬಿತ್ತನೆಯ ಹೊತ್ತಿಗೆ ಮತ್ತೆ ಕಲ್ಯಾಣದುರ್ಗಕ್ಕೆ ಹೋದೆ. ಹನುಮಕ್ಕ ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿದ್ದಳು. ಬೇರೆಯವರ ಬಾಗಿಲಿಗೆ ಹೋಗಿ ಬೀಜ ಕೇಳುವುದು ಅವಳಿಂದ ಆಗದು. ನನಗೇನು ಮಾನ? ಬೀದಿಯಲ್ಲಿ ಮನೆ ಮನೆಗೆ ಹೋದೆ. "ಹಿಂದಿನ ವರ್ಷಗಳಲ್ಲಿ ಹನುಮಕ್ಕನ ತೊಗರಿ ಇಸ್ಕೊಂಡಿದ್ರಲ್ಲ? ಅದರ ಸಂತಾನ ಇದ್ಯಾ? ಒಂದು ಸೇರು ಹಾಕಿ," ಅಂತ ಮಡಿಲು ಒಡ್ಡಿದೆ. ಕೆಲವರು ನಕ್ಕರು, ಕೆಲವರು ಏನಾಯಿತು ಅಂತ ಕೇಳಿದರು, ಎಲ್ಲರೂ ಹಾಕಿದರು. ತಂದು ಅವಳ ಮೊರಕ್ಕೆ ಸುರಿದೆ. ಅವಳು ಕಾಳನ್ನು ಬೆರಳಲ್ಲಿ ಹೊರಳಿಸಿ, "ನಂದೇ," ಅಂದಳು. ಅಷ್ಟೇ ಅಂದಳು.

ಆಮೇಲೆ ಅವಳು ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಹೂಡಿದಳು. ಅಡಿಗೆ ಗ್ಯಾಸಿನಲ್ಲೇ. ಒಲೆಯಲ್ಲಿ ಸ್ನಾನದ ನೀರು ಮಾತ್ರ, ಅದೂ ತೊಗರಿಯ ಕಡ್ಡಿ ಸುಟ್ಟು. ಪ್ಲಾಸ್ಟಿಕ್ಕಿನ ಒಂದು ಚೂರು ಬಿದ್ದರೂ ಅವತ್ತಿನ ಬೂದಿಯನ್ನೆಲ್ಲ ಎತ್ತಿ ಆಚೆ ಹಾಕುತ್ತಾಳೆ ಅಂತ ಭಾಗ್ಯ ಗೊಣಗುತ್ತಾಳೆ.

ಮೊನ್ನೆ ಮಳೆ ನಿಂತ ಮೇಲೆ ನಾನು ಬಸ್ಸಿಗೆ ಹೊರಟೆ. ಹನುಮಕ್ಕ ಹಿತ್ತಿಲಿಂದ ಒಂದು ಚೀಲ ತಂದು ನನ್ನ ಕಾಲ ಬಳಿ ಇಟ್ಟಳು.

"ತಗೊಳ್ಳಿ ಬೀಗಿತ್ತಿ. ನಿಮ್ಮ ಸೊಸೆ ಅವರೆಕಾಳಿಗೆ ಬೂದಿ ಇಲ್ಲ ಅಂತಿದ್ಳಂತೆ. ನಾವು ಕೇಳಿದೋರಿಗೆ ಇಲ್ಲ ಅನ್ನೋ ಜನ ಅಲ್ಲ."

ನಾನು ಚೀಲದ ಬಾಯಿ ಬಿಚ್ಚಿದೆ. ಬೂದಿ ಬೆಳ್ಳಗೆ, ಮೆತ್ತಗೆ, ಮೈದಾ ಹಿಟ್ಟಿನ ಹಾಗಿತ್ತು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದೆ. ಮೂಸಿದೆ. ಅದನ್ನು ಒಂದು ಕಾಗದದಲ್ಲಿ ಕಟ್ಟಿ, ಸ್ವಾತಿಗೆ ತೋರಿಸೋಣ ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ನನ್ನ ಒಲೆ ಮೇಲೂ ಅನುಮಾನಾನಾ?"

"ಹೂಂ," ಅಂದೆ.

"ಪರೀಕ್ಷೆ ಮಾಡ್ಸಿ, ಮಾಡ್ಸಿ," ಅಂದಳು. "ಏನು ಬಂತು ಅಂತ ನನಗೂ ಒಂದು ಫೋನು ಮಾಡಿ."